ತಿಳಿಯದ ನಾಳೆಯ ಮಾರಾಟ

ಸೂರ್ಯಾಸ್ತಕ್ಕೆ ಮುನ್ನವೇ ಮನೆಯಲ್ಲಿ ಊಟ ಮುಗಿದಿದೆ. ಸಂಜೆಯ ಣಮೋಕಾರ ಜಪವೂ ಆಗಿದೆ. ಆ ಬಳಿಕ ಗೃಹಿಣಿಯೊಬ್ಬಳು ಮೇಜಿನ ಮೇಲೆ ಬಣ್ಣದ ವಸ್ತ್ರ ಹಾಸಿ, ಟ್ಯಾರೋ ಕಾರ್ಡುಗಳನ್ನು ಕಲಸಿ, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕುಳಿತುಕೊಳ್ಳುತ್ತಾಳೆ. ಪರದೆಯ ಆಚೆ ಯಾವುದೋ ಊರಿನ, ಹಿಂದೆಂದೂ ಕಂಡಿರದ ಇನ್ನೊಬ್ಬ ಹೆಣ್ಣುಮಗಳು. ಹಣ ಸಂದಾಯವಾದ ಸೂಚನೆ ಬಂದ ಮೇಲೆ ಪ್ರಶ್ನೆ ಬರುತ್ತದೆ: ‘ಮೇಡಂ, ನಮ್ಮ ಯಜಮಾನರ ಕಾಯಿಲೆ ವಾಸಿಯಾಗುತ್ತದೆಯೇ? ಡಾಕ್ಟರು ಆಪರೇಷನ್ ಬೇಗ ಆಗಬೇಕು ಅನ್ನುತ್ತಿದ್ದಾರೆ. ಮಾಡಿಸಲೋ, ಬೇಡವೋ?’ ಮೂರು ಕಾರ್ಡುಗಳು ಒಂದೊಂದಾಗಿ ಮಗುಚಿಕೊಳ್ಳುತ್ತವೆ. ‘ಒಳ್ಳೆಯ ಶಕ್ತಿ ಕಾಣಿಸುತ್ತಿದೆ. ಅವಸರ ಬೇಡ, ಸ್ವಲ್ಪ ಕಾಯಿರಿ’ ಎಂಬ ಉತ್ತರ ಹೊರಡುತ್ತದೆ.

ಇದು ಕಲ್ಪಿತ ಚಿತ್ರ. ಆದರೆ ಇಂದು ಯಾರಿಗೂ ಅಪರಿಚಿತವಾದುದಲ್ಲ. ಕಾರ್ಡು ನೋಡಿ ಭವಿಷ್ಯ ಹೇಳುವ ಆನ್‌ಲೈನ್ ವೃತ್ತಿ ಮನೆಮನೆಯೊಳಗೂ ಕಾಲಿಟ್ಟಿದೆ. ಅದರಲ್ಲಿ ತೊಡಗಿದವರೆಲ್ಲ ವಂಚಕರೆಂದು ತಿಳಿಯುವುದು ಸರಿಯಲ್ಲ. ಅನೇಕರು ಹಣ ಕೊಟ್ಟು ಈ ವಿದ್ಯೆ ಕಲಿತವರು, ತಾವೂ ಅದನ್ನು ನಂಬಿದವರು, ದುಃಖದಲ್ಲಿರುವವರಿಗೆ ಒಂದು ಒಳ್ಳೆಯ ಮಾತು ಹೇಳಿದ ತೃಪ್ತಿ ಉಳ್ಳವರು. ತಿಳಿದೂ ಮೋಸ ಮಾಡುವವರ ತಪ್ಪನ್ನು ತೋರಿಸಲು ಶಾಸ್ತ್ರವೇ ಬೇಕಾಗಿಲ್ಲ. ಆದರೆ ಒಳ್ಳೆಯ ಮನಸ್ಸಿನಿಂದಲೇ, ತನಗೆ ಗೊತ್ತಿಲ್ಲದ ನಾಳೆಯನ್ನು ಗೊತ್ತಿರುವಂತೆ ಇನ್ನೊಬ್ಬರಿಗೆ ಹೇಳುವುದು ತಪ್ಪೇ? ಜಿನಧರ್ಮ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ.

ಮೊದಲು ಕಾರ್ಡಿನ ಕಥೆ. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಸಿರಿವಂತರ ಮನೆಗಳ ಆಟವಾಗಿ. ಅದರ 78 ಎಲೆಗಳಲ್ಲಿ 56 ಸಾಮಾನ್ಯ ಇಸ್ಪೀಟೆಲೆಗಳಂತೆ ನಾಲ್ಕು ಬಗೆಯಾಗಿ ಹಂಚಿಹೋಗಿವೆ. ಉಳಿದ 22 ವಿಶೇಷ ಚಿತ್ರಗಳ ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗಂಜೀಫಾ ಎಲೆಗಳು ಆಟಕ್ಕೆ ಒದಗಿದಂತೆಯೇ ಅವೂ ಆಟಕ್ಕೆ ಒದಗಿದವು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸ ಈ ಎಲೆಗಳಲ್ಲಿ ಪ್ರಾಚೀನ ಈಜಿಪ್ಟಿನ ರಹಸ್ಯಜ್ಞಾನ ಅಡಗಿದೆಯೆಂದು ಆಧಾರವಿಲ್ಲದೆ ಬರೆದ. ಕೆಲವೇ ವರ್ಷಗಳಲ್ಲಿ ಎಟ್ಟೇಲಾ ಎಂಬ ಹೆಸರಿನಿಂದ ಪ್ರಸಿದ್ಧನಾದ ಫ್ರೆಂಚ್ ಕಣಿಗಾರ ಅವುಗಳಿಂದ ಭವಿಷ್ಯ ಹೇಳುವ ಕ್ರಮವನ್ನು ಪ್ರಕಟಿಸಿದ. ಇಂದು ಹೆಚ್ಚು ಬಳಕೆಯಲ್ಲಿರುವ ಚಿತ್ರಮಾಲೆ 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದುದು. ಹೀಗೆ ಒಂದು ಆಟದ ಸಾಮಗ್ರಿ ಕಾಲಾಂತರದಲ್ಲಿ ಕಣಿಯ ಸಾಧನವಾಯಿತು.

ಜೈನ ತತ್ತ್ವದ ದೃಷ್ಟಿಯಲ್ಲಿ ಕಾಗದ, ಬಣ್ಣ, ಪರದೆಯ ಬೆಳಕು ಇವೆಲ್ಲ ಪುದ್ಗಲ. ಅರಿವು ಜೀವದ ಲಕ್ಷಣವೇ ಹೊರತು ಪುದ್ಗಲದ್ದಲ್ಲ. ಕಾರ್ಡಿಗೆ ನಿನ್ನೆಯೂ ತಿಳಿಯದು, ನಾಳೆಯೂ ತಿಳಿಯದು. ಆದ್ದರಿಂದ ಕಾರ್ಡಿನಲ್ಲಿ ದೋಷವಿಲ್ಲ. ದೋಷವಿದ್ದರೆ ಅದನ್ನು ಮುಂದಿಟ್ಟುಕೊಂಡು ನುಡಿಯುವ ಮಾತಿನಲ್ಲಿದೆ.

ಹಾಗಾದರೆ ಹೇಳಿದ್ದು ಎಷ್ಟೋ ಸಲ ‘ಸರಿಯಾಗಿ’ ತೋರುವುದು ಹೇಗೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರ್ಣನೆಯೆಂದು ಒಂದೊಂದು ಹಾಳೆ ಹಂಚಿದ. ವರ್ಣನೆ ಎಷ್ಟು ಹೊಂದುತ್ತದೆಂದು 5ಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂದಿತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ! ಯಾರಿಗೂ ಹೊಂದುವ ಮಾತನ್ನು ಕೇಳಿದವರು ತಮ್ಮದೇ ಮಾತೆಂದು ಸ್ವೀಕರಿಸುತ್ತಾರೆ. ‘ಈ ವಿಡಿಯೊ ನಿಮ್ಮ ಕಣ್ಣಿಗೆ ಬಿದ್ದಿದೆಯೆಂದರೆ ಈ ಸಂದೇಶ ನಿಮಗಾಗಿಯೇ ಬಂದದ್ದು’ ಎಂದು ಸಾವಿರಾರು ಜನರಿಗೆ ಒಂದೇ ಉಸಿರಿನಲ್ಲಿ ಹೇಳುವುದು ಸಾಧ್ಯವಾಗುವುದು ಇದರಿಂದಲೇ. ನೊಂದ ಮನಸ್ಸು ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಜೈನ ಪರಂಪರೆಯಲ್ಲಿ ನಿಮಿತ್ತಶಾಸ್ತ್ರವಿಲ್ಲವೇ? ಕನ್ನಡದ ಮೊದಲ ಜ್ಯೋತಿಷ ಗ್ರಂಥವೆನಿಸಿದ, 1049ರ ‘ಜಾತಕತಿಲಕ’ವನ್ನು ಬರೆದ ಶ್ರೀಧರಾಚಾರ್ಯ ಜೈನನೇ ಅಲ್ಲವೇ? ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ 12 ವರ್ಷಗಳ ವಿಷಮಕಾಲವನ್ನು ಮುಂದಾಗಿ ಕಂಡು ತಿಳಿಸಿದರೆಂದೂ, ಆಗ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ಹೇಳುತ್ತದೆ. ಕನ್ನಡ ನಾಡಿನ ಜೈನ ಸ್ಮೃತಿಯ ಮೊದಲ ಪುಟವೇ ಒಂದು ಭವಿಷ್ಯವಾಣಿಯಲ್ಲವೇ?

ಆ ಭವಿಷ್ಯವಾಣಿಯ ರೀತಿಯನ್ನು ಗಮನಿಸಿದರೆ ಆಕ್ಷೇಪಕ್ಕೆ ಉತ್ತರ ಅಲ್ಲಿಯೇ ದೊರೆಯುತ್ತದೆ. ಹೇಳಿದವರು ತಪಸ್ಸಿನಿಂದ ಮಾಗಿದ ಶ್ರುತಕೇವಲಿಗಳೆಂದು ಪರಂಪರೆ ನಂಬಿದೆ. ಅವರು ಯಾರಿಂದಲೂ ಪ್ರತಿಫಲ ಪಡೆಯಲಿಲ್ಲ. ಹೇಳಿದ್ದರ ಉದ್ದೇಶ ಒಬ್ಬರ ಲಾಭವಲ್ಲ, ಸಂಘದ ಚಾರಿತ್ರ್ಯದ ರಕ್ಷಣೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮಾತನ್ನು ಕೇಳಿದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ; ಎದ್ದು ನಡೆದರು. ಅವರ ಮಾತು ಪುರುಷಾರ್ಥವನ್ನು ಎಬ್ಬಿಸಿತು.

ಬಲ್ಲವರಿಗೂ ಶಾಸ್ತ್ರ ಎಲ್ಲೆಯನ್ನು ಗೆರೆ ಎಳೆದು ತೋರಿಸಿದೆ. ವಟ್ಟಕೇರಾಚಾರ್ಯರ ‘ಮೂಲಾಚಾರ’ ಮುನಿಗಳ ಆಹಾರಕ್ಕೆ ತಗಲುವ ದೋಷಗಳನ್ನು ಎಣಿಸುವಾಗ ‘ನಿಮಿತ್ತ’ವನ್ನೂ ಒಂದು ದೋಷವಾಗಿ ಹೇಳುತ್ತದೆ. ಶಕುನ, ಸ್ವಪ್ನ, ಅಂಗಲಕ್ಷಣಗಳ ಫಲ ಹೇಳಿ ಗೃಹಸ್ಥನನ್ನು ಮೆಚ್ಚಿಸಿ ಪಡೆದ ಅನ್ನ ಅಶುದ್ಧ. ಹೇಳಿದ ಫಲ ನಿಜವಾದರೂ ಆ ಅನ್ನ ಅಶುದ್ಧವೇ. ನಿಮಿತ್ತವನ್ನು ನಿಜವಾಗಿ ಬಲ್ಲ ಮುನಿಗೂ ಅದರಿಂದ ಒಂದು ತುತ್ತು ಗಳಿಸುವ ಅಧಿಕಾರವಿಲ್ಲವೆಂದ ಮೇಲೆ, ಕೆಲವು ವಾರಗಳ ತರಗತಿಯಲ್ಲಿ ಚಿತ್ರಗಳ ಅರ್ಥ ಕಲಿತವರು ನಿಮಿಷಕ್ಕಿಷ್ಟು ಎಂದು ದರ ಕಟ್ಟುವುದನ್ನು ಶ್ರಾವಕ ಹೇಗೆ ಒಪ್ಪಬೇಕು? ಗೃಹಸ್ಥನಿಗೆ ಮುನಿಯ ನಿಯಮವಿಲ್ಲ ಎನ್ನಬಹುದು. ಆದರೆ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲಿಗೆ ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನೇ. ಇನ್ನೊಬ್ಬರ ಭಯವನ್ನು ಬಂಡವಾಳ ಮಾಡಿಕೊಂಡ ಗಳಿಕೆ ಆ ಮಾತಿಗೆ ಹೊಂದುವುದಿಲ್ಲ.

ಮಹಾವೀರ ಸ್ವಾಮಿಯ ಕಾಲದಲ್ಲಿಯೂ ಈ ವ್ಯವಹಾರವಿತ್ತು. ಶ್ವೇತಾಂಬರ ಆಗಮವಾದ ಭಗವತೀ ಸೂತ್ರದ ಪ್ರಕಾರ, ಆಜೀವಕರ ನಾಯಕನಾದ ಗೋಶಾಲ ನಿಮಿತ್ತವನ್ನು ಕಲಿತು ಜನರಿಗೆ ಆರು ವಿಷಯಗಳಲ್ಲಿ ಉತ್ತರ ಹೇಳುತ್ತಿದ್ದ: ಲಾಭ, ಅಲಾಭ, ಸುಖ, ದುಃಖ, ಜೀವಿತ, ಮರಣ. ಇಂದು ಪರದೆಯ ಮುಂದೆ ಕುಳಿತವರು ಕೇಳುವ ಪ್ರಶ್ನೆಗಳೂ ಇವೇ. ಕೆಲಸ ಸಿಗುವುದೇ, ಕೊಟ್ಟ ಹಣ ಬರುವುದೇ, ಬಿಟ್ಟುಹೋದವರು ಮರಳುವರೇ, ರೋಗಿ ಬದುಕುವರೇ? ಎರಡೂವರೆ ಸಾವಿರ ವರ್ಷಗಳಲ್ಲಿ ಮನುಷ್ಯನ ಭಯಗಳ ಪಟ್ಟಿ ಬದಲಾಗಿಲ್ಲ. ಅದೇ ಗೋಶಾಲನ ಮತವಾದರೋ ನಿಯತಿವಾದ: ಎಲ್ಲವೂ ಮೊದಲೇ ನಿಶ್ಚಿತ, ಪ್ರಯತ್ನಕ್ಕೆ ಬೆಲೆಯಿಲ್ಲ.

ಈ ಮತವನ್ನು ಮಹಾವೀರ ಸ್ವಾಮಿ ಎದುರಿಸಿದ ಪ್ರಸಂಗ ಉಪಾಸಕದಶಾಂಗದಲ್ಲಿದೆ. ಪೋಲಾಸಪುರದ ಕುಂಬಾರ ಸದ್ದಾಲಪುತ್ರ ಆಜೀವಕರ ಅನುಯಾಯಿ. ಒಮ್ಮೆ ಅವನು ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಸ್ವಾಮಿ ಕೇಳಿದರು: ಈ ಮಡಕೆ ಹೇಗಾಯಿತು? ಮಣ್ಣನ್ನು ನೀರಿನಲ್ಲಿ ಕಲಸಿದ್ದು, ಬೂದಿ ಸಗಣಿ ಬೆರೆಸಿದ್ದು, ತಿಗರಿಗೆ ಏರಿಸಿದ್ದು ಎಲ್ಲವನ್ನೂ ಅವನು ಹೇಳಿದ. ಇದು ಪ್ರಯತ್ನದಿಂದ ಆಯಿತೋ, ಪ್ರಯತ್ನವಿಲ್ಲದೆಯೋ? ತನ್ನ ಮತಕ್ಕೆ ನಿಷ್ಠನಾದ ಕುಂಬಾರ, ಪ್ರಯತ್ನವಿಲ್ಲದೆ, ಎಲ್ಲವೂ ನಿಯತ ಎಂದ. ಹಾಗಾದರೆ ಯಾರೋ ಬಂದು ನಿನ್ನ ಮಡಕೆಗಳನ್ನು ಒಡೆದರೆ, ನಿನ್ನ ಹೆಂಡತಿಯೊಡನೆ ಅನುಚಿತವಾಗಿ ನಡೆದುಕೊಂಡರೆ ಏನು ಮಾಡುವೆ? ಅವನನ್ನು ದಂಡಿಸುವೆ ಎಂದ ಸದ್ದಾಲಪುತ್ರ. ಎಲ್ಲವೂ ನಿಯತವಾದರೆ ಒಡೆದವನಾರು, ದಂಡಿಸುವುದು ಯಾರನ್ನು? ಕುಂಬಾರನ ಕಣ್ಣು ತೆರೆಯಿತು. ಅವನು ಶ್ರಾವಕನ ವ್ರತಗಳನ್ನು ಕೈಗೊಂಡ.

ಕರ್ಮಸಿದ್ಧಾಂತವನ್ನು ಹಣೆಬರಹವೆಂದು ತಿಳಿದವರು ಈ ಪ್ರಸಂಗವನ್ನು ಮನನ ಮಾಡಬೇಕು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಕರ್ಮದ ಹತ್ತು ಅವಸ್ಥೆಗಳನ್ನು ವಿವರಿಸಿದ್ದಾರೆ. ಕಟ್ಟಿದ ಕರ್ಮದ ಸ್ಥಿತಿ ಮತ್ತು ಶಕ್ತಿ ಹೆಚ್ಚಬಹುದು, ಅದು ಉತ್ಕರ್ಷಣ. ಕುಗ್ಗಬಹುದು, ಅದು ಅಪಕರ್ಷಣ. ಒಂದು ಪ್ರಕೃತಿ ಸಜಾತೀಯವಾದ ಇನ್ನೊಂದಾಗಿ ಮಾರ್ಪಡಬಹುದು, ಅದು ಸಂಕ್ರಮಣ. ನಿಕಾಚಿತವೆಂಬ ಗಟ್ಟಿಯಾದ ಬಂಧವೂ ಉಂಟು. ಆದರೆ ಯಾರ ಯಾವ ಕರ್ಮ ಯಾವ ಅವಸ್ಥೆಯಲ್ಲಿದೆಯೆಂಬುದನ್ನು ಸಂಪೂರ್ಣವಾಗಿ ಕಾಣಬಲ್ಲವರು ಕೇವಲಿಗಳು ಮಾತ್ರ. ಪಂಚಮಕಾಲದಲ್ಲಿ ಹುಟ್ಟಿದವರಿಗೆ ಕೇವಲಜ್ಞಾನವಿಲ್ಲ. ಕೇವಲಿಯ ಅರಿವು ಕೂಡ ಘಟನೆಯನ್ನು ಬೆಳಗುತ್ತದೆಯೇ ಹೊರತು ಅದನ್ನು ಉಂಟುಮಾಡುವುದಿಲ್ಲ. ಆದ್ದರಿಂದ ಜೀವನಿಗೆ ಉಳಿದಿರುವ ದಾರಿ ಒಂದೇ: ಇಂದಿನ ಭಾವವನ್ನೂ ಇಂದಿನ ಪ್ರಯತ್ನವನ್ನೂ ಶುದ್ಧವಾಗಿಟ್ಟುಕೊಳ್ಳುವುದು. ‘ಸ್ವಲ್ಪ ಕಾಯಿರಿ’ ಎಂಬ ಕಾರ್ಡಿನ ಮಾತು ಕಸಿಯುವುದು ಈ ಇಂದನ್ನೇ. ರೋಗ ಕಾಯುವುದಿಲ್ಲ. ನಿಂತುಹೋದ ಚಿಕಿತ್ಸೆಯ ಹೊಣೆಯನ್ನು ಆಮೇಲೆ ಯಾವ ಕಾರ್ಡೂ ಹೊರುವುದಿಲ್ಲ.

ವ್ರತಗಳ ಬೆಳಕಿನಲ್ಲಿ ನೋಡಿದರೆ ಹೊಣೆ ಯಾರದೆಂಬುದು ಸ್ಪಷ್ಟವಾಗುತ್ತದೆ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಮೊದಲನೆಯದು ಮಿಥ್ಯೋಪದೇಶ, ಎಂದರೆ ದಾರಿ ತಪ್ಪಿಸುವ ಸಲಹೆ. ಎರಡನೆಯದು ರಹೋಭ್ಯಾಖ್ಯಾನ, ಎಂದರೆ ಇನ್ನೊಬ್ಬರ ಗುಟ್ಟನ್ನು ಹೊರಗೆಡಹುವುದು. ನೇರಪ್ರಸಾರದಲ್ಲಿ ನೂರಾರು ಜನ ನೋಡುತ್ತಿರುವಾಗ ಒಬ್ಬಾಕೆಯ ದಾಂಪತ್ಯದ ಬಿರುಕನ್ನೋ ಮಗನ ದುಶ್ಚಟವನ್ನೋ ಕೆದಕಿ ಮಾತನಾಡಿದಾಗ ಈ ಎರಡು ಅತಿಚಾರಗಳೂ ಒಟ್ಟಿಗೆ ಘಟಿಸುತ್ತವೆ. ‘ಆಗಬಹುದು, ಆಗದೆಯೂ ಇರಬಹುದು ಎಂದಷ್ಟೇ ಹೇಳುತ್ತೇವೆ, ಇದು ಸ್ಯಾದ್ವಾದವೇ ಅಲ್ಲವೇ’ ಎಂಬ ಸಮರ್ಥನೆಯೂ ನಿಲ್ಲದು. ‘ಸ್ಯಾತ್’ ಎಂಬುದು ಜಾರಿಕೊಳ್ಳುವ ಪದವಲ್ಲ. ಯಾವ ಅಪೇಕ್ಷೆಯಿಂದ ನೋಡಿದಾಗ ಮಾತು ನಿಶ್ಚಿತವಾಗಿ ಸತ್ಯವೆಂದು ತಿಳಿಸುವ ಪದ ಅದು. ಎತ್ತ ತಿರುಗಿಸಿದರೂ ಹೊಂದುವ ಮಾತಿಗೆ ಸ್ಯಾದ್ವಾದದ ಹೆಸರು ಸಲ್ಲದು.

ಇಷ್ಟು ಹೇಳಿ ಕಾರ್ಡು ಹಿಡಿದವರನ್ನು ಮಾತ್ರ ದೂರಿದರೆ ಅದು ಅರ್ಧ ನ್ಯಾಯ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆ ಎಂಬ ಮೂರು ಮೂಢತೆಗಳನ್ನು ತೋರಿಸಿದ್ದು ಹೊರಗಿನವರನ್ನು ಹಳಿಯಲು ಅಲ್ಲ, ಶ್ರಾವಕನ ಮನೆಯನ್ನೇ ಗುಡಿಸಲು. ಬಸದಿಯ ಮೆಟ್ಟಿಲಿಳಿದು ನೇರವಾಗಿ ಕಣಿ ಕೇಳಲು ಹೋಗುವವರು, ವೀತರಾಗನ ಮುಂದೆ ನಿಂತು ವ್ಯಾಪಾರದ ಲಾಭವನ್ನೇ ಬೇಡುವವರು ಕಾರ್ಡಿನವರನ್ನು ನೋಡಿ ನಗುವಂತಿಲ್ಲ. ಕೇಳುವವರು ಇರುವುದರಿಂದಲೇ ಹೇಳುವವರು ಹುಟ್ಟುತ್ತಾರೆ.

ನೊಂದವರು ಕೇಳಲು ಬರುವುದಾದರೂ ಏಕೆ? ಮನೆಯಲ್ಲಿ ಅವರ ಮಾತಿಗೆ ಕಿವಿಗೊಡುವವರಿಲ್ಲ. ಅಪರಿಚಿತರೊಬ್ಬರು ಅರ್ಧ ಗಂಟೆ ಸಾವಧಾನದಿಂದ ಕೇಳುತ್ತಾರೆಂಬ ಒಂದೇ ಕಾರಣಕ್ಕೆ ಎಷ್ಟೋ ಜನ ಹಣ ಕೊಡುತ್ತಾರೆ. ಅವರಿಗೆ ಸಾಂತ್ವನ ತಂದದ್ದು ಕಾರ್ಡಲ್ಲ, ಆ ಕಿವಿ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯ ಎಂಬ ಎರಡು ಅಂಗಗಳಿರುವುದು ಇದಕ್ಕಾಗಿಯೇ. ಅಲುಗಿದವರನ್ನು ನಿಲ್ಲಿಸುವುದು ಸ್ಥಿತಿಕರಣ. ವಾರಿಷೇಣ ಮುನಿಗಳು ಮನೆಯ ನೆನಪಿನಲ್ಲಿ ಕದಡಿದ ಗೆಳೆಯನಿಗೆ ಭವಿಷ್ಯ ಹೇಳಲಿಲ್ಲ. ಜೊತೆಯಲ್ಲಿ ಅರಮನೆಗೆ ಕರೆದೊಯ್ದು, ತಾವು ತೊರೆದು ಬಂದ ವೈಭವವನ್ನು ತೋರಿಸಿ, ಅವನ ಮನಸ್ಸನ್ನು ಮರಳಿ ದಾರಿಗೆ ತಂದರು. ಜೊತೆಗೆ ನಡೆಯುವುದೇ ಧರ್ಮದ ರೀತಿ.

ಆ ಗೃಹಿಣಿ ಮಾಡಬಹುದಾದದ್ದೂ ಇದೇ. ಕಾರ್ಡುಗಳನ್ನು ಮಡಿಸಿ ಬದಿಗಿಟ್ಟು ಆಕೆ ಹೀಗೆ ಹೇಳಬಹುದು: ‘ತಾಯಿ, ಮುಂದೆ ಏನಾಗುತ್ತದೋ ನನಗೆ ತಿಳಿಯದು. ನಿಮ್ಮ ಹಣ ಮರಳಿಸುತ್ತೇನೆ. ಡಾಕ್ಟರು ಹೇಳಿದ್ದನ್ನು ತಡಮಾಡದೆ ಮಾಡಿಸಿ. ಭಯವಾದಾಗ ಮಾತನಾಡಬೇಕೆನಿಸಿದರೆ ಫೋನ್ ಮಾಡಿ, ಕೇಳಿಸಿಕೊಳ್ಳುತ್ತೇನೆ.’ ‘ತಿಳಿಯದು’ ಎಂಬ ಒಂದು ಮಾತಿನಲ್ಲಿ ಸತ್ಯವ್ರತ ಉಳಿಯಿತು. ಹಣ ಮರಳಿಸಿದ್ದರಲ್ಲಿ ಲೋಭ ಸಡಿಲಿತು. ಚಿಕಿತ್ಸೆಯ ಕಡೆಗೆ ತಿರುಗಿಸಿದ್ದರಲ್ಲಿ ಒಂದು ಜೀವದ ಮೇಲಿನ ಅಹಿಂಸೆ ನೆರವೇರಿತು. ನಾಳೆಯನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಇಂದಿನ ಅರ್ಧ ಗಂಟೆಯನ್ನು ನೊಂದವರಿಗೆ ದಾನವಾಗಿ ಕೊಡುವ ಶಕ್ತಿ ಮಾತ್ರ ಎಲ್ಲರಲ್ಲಿಯೂ ಇದೆ.