ಜೇಬಿನಲ್ಲಿದ್ದ ಗೆಳೆಯನ ಗುಟ್ಟು

ಹೋದ ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಾಗ ನಮ್ಮ ಮನೆಯ ತೂಕದ ಯಂತ್ರಕ್ಕೆ ಎರಡು ವಾರ ಬಿಡುವೇ ಇರಲಿಲ್ಲ. ಸೂಟ್‌ಕೇಸು ಒಂದಕ್ಕೆ 23 ಕಿಲೋ. ಸಾರಿನ ಪುಡಿ, ಚಟ್ನಿಪುಡಿ, ಅಳಿಯನಿಗೆ ಇಷ್ಟವೆಂದು ಕೋಡುಬಳೆ. ಯಾವುದನ್ನು ಒಯ್ಯಬಹುದು, ಯಾವುದನ್ನು ಒಯ್ಯಬಾರದು ಎಂದು ನಮ್ಮಾಕೆ ಹತ್ತು ಜನರನ್ನು ವಿಚಾರಿಸಿದಳು. ಪೆಟ್ಟಿಗೆಯನ್ನು ಮೂರು ಸಲ ಬಿಚ್ಚಿ ಮೂರು ಸಲ ತುಂಬಿದೆವು. ಜೇಬಿನಲ್ಲಿದ್ದ ಫೋನಿನೊಳಗೆ ಏನಿದೆ ಎಂದು ಮಾತ್ರ ಒಂದು ಸಲವೂ ನೋಡಲಿಲ್ಲ.

ವಿಮಾನ ಇಳಿದು ಪಾಸ್‌ಪೋರ್ಟ್ ತೋರಿಸಿದ ಮೇಲೆ ನನ್ನೊಬ್ಬನನ್ನು ಪಕ್ಕದ ಕೋಣೆಗೆ ಕರೆದರು. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಕೋಡುಬಳೆಯೇ ಕಾರಣ ಎಂದು ನಮ್ಮಾಕೆ ನಂಬಿದ್ದಾಳೆ. ಅಲ್ಲಿದ್ದ ಅಧಿಕಾರಿ ನನ್ನ ಮಗಳಿಗಿಂತ ಚಿಕ್ಕವನು. ಮರ್ಯಾದೆಯಿಂದಲೇ ಮಾತಾಡಿಸಿ, ಒಂದು ಮುದ್ರಿತ ಹಾಳೆ ಕೊಟ್ಟು, ಫೋನಿನ ಲಾಕ್ ತೆಗೆದುಕೊಡಿ ಎಂದ. ತೆಗೆದುಕೊಟ್ಟೆ.

ಅವನ ಬೆರಳು ಮೇಲೆ ಕೆಳಗೆ ಆಡತೊಡಗಿತು. ವಾಟ್ಸ್ಆ್ಯಪ್‌ನಲ್ಲಿ ಬಂದ ಶುಭೋದಯದ ಚಿತ್ರಗಳೇ ಸಾವಿರಾರು: ಗುಲಾಬಿ ಹೂವು, ಸೂರ್ಯೋದಯ, ಗಣಪತಿ, ಮತ್ತೆ ಗುಲಾಬಿ ಹೂವು. ಹುಡುಗ ಸಣ್ಣಗೆ ನಕ್ಕ. ನಾನೂ ನಕ್ಕೆ. ಆಮೇಲೆ ಅವನ ಬೆರಳು ಒಂದು ಕಡೆ ನಿಂತಿತು. ಅದೊಂದು ಲ್ಯಾಬ್ ರಿಪೋರ್ಟು. ಕನ್ನಡದ ಮೆಸೇಜುಗಳು ಅವನಿಗೆ ಅರ್ಥವಾಗುತ್ತಿರಲಿಲ್ಲ, ಆದರೆ ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಹೆಸರು, ವಯಸ್ಸು, ಕೊನೆಯಲ್ಲಿ ರೋಗದ ಹೆಸರು.

“ನಿಮ್ಮದೇ?” ಎಂದು ಕೇಳಿದ.

“ನನ್ನ ಸ್ನೇಹಿತನದು” ಎಂದೆ.

ತಲೆಯಾಡಿಸಿ ಮುಂದೆ ಹೋದ. ಹತ್ತು ನಿಮಿಷದಲ್ಲಿ ಫೋನು ನನ್ನ ಕೈಗೆ ಬಂತು.

ಆ ಸ್ನೇಹಿತ ಮತ್ತು ನಾನು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಅಕ್ಕಪಕ್ಕದ ಕೌಂಟರಿನಲ್ಲಿ ಕೂತವರು. ಪರಿಚಯದ ಡಾಕ್ಟರಿಗೆ ತೋರಿಸಲೆಂದು ಅವನು ಅದನ್ನು ಕಳಿಸಿದ್ದ. “ಮಕ್ಕಳಿಗೆ ಇನ್ನೂ ಹೇಳಿಲ್ಲ. ನಿನ್ನಲ್ಲೇ ಇರಲಿ” ಎಂದಿದ್ದ. ಡಾಕ್ಟರಿಗೆ ತೋರಿಸಿ ಆರು ತಿಂಗಳಾಗಿತ್ತು. ಫೋಟೋ ಮಾತ್ರ ಹಾಗೇ ಉಳಿದಿತ್ತು.

ಮಕ್ಕಳೇ, ಬ್ಯಾಂಕಿಗೆ ಸೇರುವಾಗ ನಾವು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಗ್ರಾಹಕರ ವಿಷಯವನ್ನು ಹೊರಗೆ ಬಿಡುವುದಿಲ್ಲ ಎಂಬ ಪ್ರಮಾಣ ಅದು. ನಮ್ಮ ಭಾವ ಒಂದು ಸಲ ಮಗಳನ್ನು ಕೊಡಬೇಕೆಂದಿದ್ದ ಮನೆಯವರ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದರು. ನಾನು ಹೇಳಲಿಲ್ಲ. ಅವರು ಊಟ ಮಾಡದೆ ಎದ್ದು ಹೋದರು. ಮೂವತ್ತಾರು ವರ್ಷ ಹಾಗೆ ಬಾಯಿ ಕಟ್ಟಿಕೊಂಡಿದ್ದವನು ನಾನು. ಆ ಕೋಣೆಯಲ್ಲಿ ಹತ್ತೇ ನಿಮಿಷದಲ್ಲಿ ಗೆಳೆಯನ ಗುಟ್ಟನ್ನು ಬಿಚ್ಚಿಟ್ಟು ಬಂದೆ. ಅಧಿಕಾರಿಯ ತಪ್ಪೇನಿಲ್ಲ, ಕಾನೂನು ಕೊಟ್ಟ ಕೆಲಸ ಮಾಡಿದ. ಅದನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋದವನು ನಾನು.

ಮಗಳ ಮನೆಯಲ್ಲಿ ಕೂತು ಆ ಕಾನೂನನ್ನು ಓದಿದೆ. ಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ನೋಡುವ ಅಧಿಕಾರ ಬಹಳ ಹಳೆಯದು. ಅಮೆರಿಕದ ಮೊದಲ ಸಂಸತ್ತು 1789ರಲ್ಲೇ ಹಡಗುಗಳನ್ನು ತಪಾಸಣೆ ಮಾಡುವ ಅಧಿಕಾರವನ್ನು ಸುಂಕದವರಿಗೆ ಕೊಟ್ಟಿತ್ತು. ಆ ದೇಶದ ಒಳಗಾದರೆ, ಬಂಧಿಸಿದವನ ಫೋನನ್ನು ಕೂಡ ಪೊಲೀಸರು ವಾರಂಟ್ ಇಲ್ಲದೆ ಸಾಮಾನ್ಯವಾಗಿ ಜಾಲಾಡುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಗಡಿಯಲ್ಲಿ ಮಾತ್ರ ಫೋನನ್ನೂ ಪೆಟ್ಟಿಗೆಯ ಹಾಗೆಯೇ ನೋಡುತ್ತಾರೆ. ಆದರೆ ಪೆಟ್ಟಿಗೆಯಲ್ಲಿ 23 ಕಿಲೋ ಬಟ್ಟೆಬರೆ ಇರುತ್ತದೆ. ಫೋನಿನಲ್ಲಿ ಮನೆಯ ಬೀರು, ಆಲ್ಬಮ್ಮು, ಪಾಸ್‌ಬುಕ್ಕು, ಜೊತೆಗೆ ಹತ್ತಾರು ಜನ ನಮ್ಮನ್ನು ನಂಬಿ ಬರೆದ ಕಾಗದಗಳು ಇರುತ್ತವೆ.

ಅಲ್ಲಿಯ ಗಡಿ ಇಲಾಖೆ 2018ರ ಜನವರಿಯಲ್ಲಿ ಹೊರಡಿಸಿದ ನಿಯಮಗಳಿವೆ. ಕೈಯಲ್ಲಿ ಹಿಡಿದು ನೋಡಲು ಯಾವ ಅನುಮಾನವೂ ಇರಬೇಕಾಗಿಲ್ಲ. ಯಂತ್ರಕ್ಕೆ ಜೋಡಿಸಿ ನಕಲು ತೆಗೆಯಬೇಕಾದರೆ ಸಕಾರಣವಾದ ಅನುಮಾನ ಅಥವಾ ದೇಶದ ಭದ್ರತೆಯ ಪ್ರಶ್ನೆ ಇರಬೇಕು, ಮೇಲಧಿಕಾರಿಯ ಒಪ್ಪಿಗೆ ಬೇಕು. ಇಂಟರ್ನೆಟ್ ಸಂಪರ್ಕ ತಪ್ಪಿಸಿ, ಫೋನಿನಲ್ಲೇ ಇರುವುದನ್ನು ಮಾತ್ರ ನೋಡಬೇಕು. ಲಾಕ್ ತೆಗೆಯುವುದಿಲ್ಲ ಎಂದರೆ? ಅಲ್ಲಿಯ ಪ್ರಜೆಯನ್ನು ಅದಕ್ಕಾಗಿ ದೇಶದೊಳಗೆ ಬಿಡದೆ ಇರುವುದಿಲ್ಲ, ಆದರೆ ಫೋನನ್ನು ಇಟ್ಟುಕೊಳ್ಳಬಹುದು. ನಮ್ಮಂಥ ನೆಂಟರನ್ನು ಬಂದ ದಾರಿಯಲ್ಲೇ ಕಳಿಸಲೂಬಹುದು. ನ್ಯೂಜಿಲೆಂಡಿನಲ್ಲಿ 2018ರ ಕಾನೂನಿನ ಪ್ರಕಾರ, ಅನುಮಾನಕ್ಕೆ ಕಾರಣವಿದ್ದು ಕೇಳಿದಾಗಲೂ ಪಾಸ್‌ವರ್ಡ್ ಕೊಡದಿದ್ದರೆ ಅಲ್ಲಿಯ 5,000 ಡಾಲರ್‌ವರೆಗೆ ದಂಡ.

ಗಾಬರಿಯಾಗಬೇಡಿ. 2024ರ ಆರ್ಥಿಕ ವರ್ಷದಲ್ಲಿ ಅಮೆರಿಕದ ಗಡಿ ದಾಟಿ ಒಳಬಂದವರು ಸುಮಾರು 42 ಕೋಟಿ. ತಪಾಸಣೆಯಾದ ಫೋನು, ಲ್ಯಾಪ್‌ಟಾಪು ಎಲ್ಲ ಸೇರಿ ಸುಮಾರು 47 ಸಾವಿರ. ಅಂದರೆ ಒಂಬತ್ತು ಸಾವಿರ ಮಂದಿಗೆ ಒಂದರಂತೆ. ಲಾಟರಿಯಲ್ಲಿ ಎಂದೂ ಹೊಡೆಯದ ನನ್ನ ನಂಬರು ಅಲ್ಲಿ ಹೊಡೆಯಿತು, ಅಷ್ಟೆ.

ಮೈಸೂರಿಗೆ ವಾಪಸು ಬಂದ ಮೇಲೆ ಏಳನೇ ಕ್ಲಾಸಿನ ಮೊಮ್ಮಗಳು ಕೇಳಿದಳು: “ತಾತ, ತಪ್ಪೇ ಮಾಡಿಲ್ಲ ಅಂದ್ಮೇಲೆ ತೋರ್ಸೋಕೆ ಏನು?”

“ನಿನ್ನ ಫ್ರೆಂಡು ಕೊಟ್ಟ ಚೀಟಿ ಕಂಪಾಸ್ ಬಾಕ್ಸಲ್ಲಿ ಇಟ್ಕೊಂಡಿದೀಯಲ್ಲ, ಅದನ್ನ ಅಮ್ಮಂಗೆ ತೋರಿಸ್ತೀಯಾ?”

“ಅದು ಹೇಗಾಗುತ್ತೆ? ಅದು ಅವಳ ವಿಷ್ಯ, ನಂದಲ್ಲ” ಎಂದಳು.

ನಾನು ಹೇಳಬೇಕಾದ್ದನ್ನು ಅವಳೇ ಹೇಳಿದಳು. ಇದನ್ನು ನಮ್ಮ ದೇಶದ ಕೋರ್ಟಿಗೆ ಕೊಂಡೊಯ್ದವರೂ ಒಬ್ಬ ತಾತನೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆದರೆ ಈ ಹಕ್ಕನ್ನು ಸೂಟ್‌ಕೇಸಿನಲ್ಲಿಟ್ಟು ಒಯ್ಯಲಾಗುವುದಿಲ್ಲ. ಪರದೇಶದಲ್ಲಿ ಪರದೇಶದ ಕಾನೂನೇ ನಡೆಯುವುದು. ಆದ್ದರಿಂದ ಎಚ್ಚರಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಬೇಕು.

ಮುಂದಿನ ಬೇಸಿಗೆಗೆ ಮತ್ತೆ ಹೊರಟಿದ್ದೇವೆ. ಈ ಸಲ ಫೋನಿನ ಕೆಲಸ ಮೊಮ್ಮಗಳು ಮತ್ತು ನನ್ನದು. ಬೇಕಾದ ಕಾಗದಪತ್ರಗಳನ್ನು ಮನೆಯ ಕಂಪ್ಯೂಟರಿಗೆ ಹಾಕಿದೆವು. ಪಾಸ್‌ಬುಕ್ಕು, ಪ್ಯಾನ್ ಕಾರ್ಡು, ಬೇರೆಯವರ ಕಾಗದಗಳ ಫೋಟೋಗಳನ್ನು ಫೋನಿನಿಂದ ತೆಗೆದೆವು. ಅಳಿಸಿದ ಫೋಟೋಗಳು ಕೂಡಲೇ ಹೋಗುವುದಿಲ್ಲ, ಫೋನಿನ ಕಸದ ಬುಟ್ಟಿಯಲ್ಲಿ ಕೆಲವು ವಾರ ಕೂತಿರುತ್ತವೆ ಎಂದು ಅವಳು ತೋರಿಸಿಕೊಟ್ಟಳು. ಬುಟ್ಟಿಯನ್ನೂ ಖಾಲಿ ಮಾಡಿದೆವು. ವಾಟ್ಸ್ಆ್ಯಪ್ ಚಿತ್ರಗಳು ತಾವಾಗಿ ಇಳಿದು ಗ್ಯಾಲರಿಗೆ ಸೇರುವುದನ್ನು ನಿಲ್ಲಿಸಿದೆವು. ವಿಮಾನ ಇಳಿಯುವ ಮುಂಚೆ ಫೋನನ್ನು ಪೂರ್ತಿ ಆಫ್ ಮಾಡಬೇಕಂತೆ. ಮತ್ತೆ ಹಚ್ಚಿದಾಗ ಬೆರಳಿಗೆ ತೆರೆಯುವುದಿಲ್ಲ, ನಂಬರನ್ನೇ ಒತ್ತಬೇಕು.

ನನ್ನ ವಯಸ್ಸಿನವರಿಗೆ ಎರಡು ಮಾತು. ಅಧಿಕಾರಿ ಕೇಳಿದಾಗ ಸುಳ್ಳು ಹೇಳಬೇಡಿ. ಅವರ ಎದುರಿಗೆ ನಿಂತು ಏನನ್ನೂ ಅಳಿಸಲು ಹೋಗಬೇಡಿ, ಅದು ಇಲ್ಲದ ಅನುಮಾನ ಹುಟ್ಟಿಸುತ್ತದೆ. ಫೋನನ್ನು ಇಟ್ಟುಕೊಂಡರೆ ರಸೀತಿ ಕೇಳಿ ಪಡೆಯಿರಿ, ಮನೆ ಸೇರಿದ ಮೇಲೆ ಪಾಸ್‌ವರ್ಡ್ ಬದಲಿಸಿ.

ಗೆಳೆಯನಿಗೆ ನಡೆದದ್ದನ್ನು ಹೇಳಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಸ್ವಲ್ಪ ದೂರ ಅವನು ಮಾತಾಡಲಿಲ್ಲ. “ಅವನಿಗೆ ನನ್ನ ಗುರುತೇನು, ಬಿಡು” ಎಂದ. ಈಗ ಅವನ ಮಕ್ಕಳಿಗೂ ವಿಷಯ ಗೊತ್ತು, ಚಿಕಿತ್ಸೆ ನಡೆಯುತ್ತಿದೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಆದರೆ ಅಂದಿನಿಂದ ಅವನು ನನ್ನ ಫೋನಿಗೆ ಯಾವ ರಿಪೋರ್ಟನ್ನೂ ಕಳಿಸಿಲ್ಲ. ಮನೆಗೇ ಬಂದು ಓದಿ ಹೇಳುತ್ತಾನೆ. ಓದಿ ಮುಗಿದ ಮೇಲೆ ಕಾಗದವನ್ನು ಮಡಚಿ ತನ್ನ ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತಾನೆ.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜಿ ತಾತನ ಪಕ್ಕ ಕೂತು ಅವರ ಫೋನನ್ನು ಸ್ವಚ್ಛ ಮಾಡಿಕೊಡಿ. ಆದರೆ ಅವರನ್ನು ಕೇಳಿಯೇ ತೆರೆಯಿರಿ.