ಕಿರೀಟದ ಹೆಸರು, ಗುಮಾಸ್ತನ ಕಾಗದ

2024ರ ಡಿಸೆಂಬರ್‌ನಲ್ಲಿ ಅಬುಜಾದಲ್ಲಿ ವಲಸೆ ಕುರಿತ ಸಭೆಯೊಂದು ನಡೆಯಿತು. ಅಲ್ಲಿ ನೈಜೀರಿಯಾದ ಉಪಾಧ್ಯಕ್ಷ ಕಾಶಿಂ ಶೆಟ್ಟಿಮಾ (ಹೆಸರು ಕೇಳಿ ನಮ್ಮ ಕರಾವಳಿಯವರೆಂದುಕೊಳ್ಳುವುದು ಬೇಡ, ಇವರು ಆ ದೇಶದ ಈಶಾನ್ಯ ಮೂಲೆಯ ಬೋರ್ನೊ ರಾಜ್ಯದವರು) ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕಿ, ನೈಜೀರಿಯಾ ಮೂಲದ ಕೆಮಿ ಬೇಡ್ನಾಕ್ ಅವರನ್ನು ಆ ದೇಶವನ್ನು ಹೀಗಳೆದರೆಂದು ತರಾಟೆಗೆ ತೆಗೆದುಕೊಂಡರು. ನೈಜೀರಿಯಾ ಎಂದರೆ ಅಷ್ಟು ಅಸಡ್ಡೆಯಿದ್ದರೆ ಹೆಸರಿನಿಂದ ‘ಕೆಮಿ’ಯನ್ನು ತೆಗೆದುಹಾಕಲಿ ಎಂಬುದು ಅವರ ಮಾತಿನ ಧಾಟಿ. ರಿಷಿ ಸುನಕ್ ತಮ್ಮ ಪೂರ್ವಜರ ನಾಡನ್ನು ಎಂದೂ ಹೀಗಳೆಯಲಿಲ್ಲ ಎಂದೂ ಸೇರಿಸಿದರು. ಕೆಲವೇ ದಿನಗಳಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯ ಸಂದರ್ಶನದಲ್ಲಿ ಬೇಡ್ನಾಕ್ ತಿರುಗೇಟು ಕೊಟ್ಟರು. ತಾನು ನೈಜೀರಿಯನ್ ಎನ್ನುವುದಕ್ಕಿಂತ ಯೊರುಬಾ ಜನಾಂಗದವಳು, ಆ ದೇಶದ ಉತ್ತರದವರಿಗೂ ತನಗೂ ಯಾವ ಸಾಮ್ಯವೂ ಇಲ್ಲ ಎಂದರು. ತವರಿನ ಅಡ್ಡಹೆಸರಾದ ‘ಅಡೆಗೋಕೆ’ ಕಿರೀಟವನ್ನು ಕಾಯುವ ಯೋಧರದ್ದು ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದರಂತೆ. ತಾನು ಈಗ ಮಾಡುತ್ತಿರುವುದೂ ಅದೇ ಕಾವಲು ಎಂದು ಹೇಳಿಕೊಂಡರು.

ಜಗಳ ಅಲ್ಲಿಗೆ ತಣ್ಣಗಾಯಿತು. ಆದರೆ ಇಬ್ಬರೂ ಒಂದು ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದರು: ಹೆಸರು ರಕ್ತದ ರಸೀದಿ, ಅದನ್ನು ತೋರಿಸಿದರೆ ಕುಲ ಗೊತ್ತಾಗುತ್ತದೆ ಎಂದು. ಬ್ರಿಟನ್ನಿನಲ್ಲಿ ಅಡ್ಡಹೆಸರುಗಳ ನಕ್ಷೆ ಬಿಡಿಸುವ ವಿದ್ವಾಂಸರೂ, ಅರ್ಜಿ ನೋಡುವ ಕಂಪನಿಗಳೂ ನೆಚ್ಚಿಕೊಂಡಿರುವುದು ಇದೇ ನಂಬಿಕೆಯನ್ನು. ಅಡೆಗೋಕೆಯಂಥ ಹೆಸರಿನ ಹಿಂದೆ ಹೋದರೆ ಅಲ್ಲಿ ಕುಲಕ್ಕಿಂತ ಹೆಚ್ಚಾಗಿ ಸಿಗುವುದು ಕಾಗದಪತ್ರ: ಮಿಷನ್ ಶಾಲೆಯ ದಾಖಲಾತಿ, ದೀಕ್ಷಾಸ್ನಾನದ ಪುಸ್ತಕ, ಪಾಸ್‌ಪೋರ್ಟ್, ವೀಸಾ.

ಅರ್ಥದಿಂದ ಶುರುಮಾಡೋಣ. ಯೊರುಬಾದಲ್ಲಿ ‘ಅಡೆ’ ಎಂದರೆ ಕಿರೀಟ, ‘ಗೋಕೆ’ ಎಂದರೆ ಮೇಲೇರು, ಗುಡ್ಡ ಹತ್ತು. ಕಿರೀಟ ಮೇಲೇರಿತು ಎಂಬ ಇಡೀ ವಾಕ್ಯವೇ ಈ ಹೆಸರು. ಇದರಲ್ಲಿ ಯೋಧನೂ ಇಲ್ಲ, ಕಾವಲೂ ಇಲ್ಲ. ಯೋಧರ ಸುಳಿವು ಬೇಕಿದ್ದರೆ ಶೂರನೆಂಬ ಅರ್ಥದ ‘ಅಕಿನ್’ನಿಂದ ಆರಂಭವಾಗುವ ಹೆಸರುಗಳನ್ನು ನೋಡಬೇಕು, ಇಲ್ಲವೇ ಕಬ್ಬಿಣ ಮತ್ತು ಯುದ್ಧದ ದೈವ ಓಗುನ್‌ನ ಹೆಸರುಗಳನ್ನು. ಇಫಾ ದೈವದ ಕಣಿ ಹೇಳುವ ಮನೆಗಳಲ್ಲಿ ‘ಫಾ’, ಡೋಲು ಬಾರಿಸುವವರಲ್ಲಿ ‘ಅಯಾನ್’, ಬೇಟೆಗಾರರಲ್ಲಿ ‘ಓಡೆ’ ಎಂದು ಹೆಸರಿನ ಮುಂಭಾಗವೇ ಕಸುಬನ್ನೋ ಆರಾಧನೆಯನ್ನೋ ಹೇಳುತ್ತಿತ್ತು. ‘ಅಡೆ’ ರಾಜಮನೆತನಗಳ ಗುರುತು. ಹಾಗೆಂದು ಇಂದು ಈ ಮುಂಭಾಗಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕ್ರೈಸ್ತರಾದ ಎಷ್ಟೋ ಕುಟುಂಬಗಳು ‘ಓಗುನ್’ ಇದ್ದಲ್ಲಿ ‘ಓಲು’, ‘ಫಾ’ ಇದ್ದಲ್ಲಿ ‘ಜೇಸು’ ಇಟ್ಟುಕೊಂಡಿವೆ. ವಾಕ್ಯದ ಕರ್ತೃ ಬದಲಾಯಿತು, ಕ್ರಿಯಾಪದ ಹಾಗೇ ಉಳಿಯಿತು.

ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಈ ಹೆಸರುಗಳು ಅಡ್ಡಹೆಸರುಗಳಾಗಿ ಹುಟ್ಟಿದವೇ ಅಲ್ಲ. ಈಗಿನ ರೂಢಿಯಲ್ಲಿ ಮಗು ಹುಟ್ಟಿದ ಎಂಟನೇ ದಿನ ನಾಮಕರಣ. ಅಂದು ಮನೆಯ ಪರಿಸ್ಥಿತಿ, ಹಿರಿಯರ ಹರಕೆ, ಹೆರಿಗೆಯ ಸಂದರ್ಭ ನೋಡಿ ಆ ಮಗುವಿಗೆಂದೇ ಕಟ್ಟುವ ವಾಕ್ಯ ಅದು. ಕುಲವನ್ನು ಹೇಳಲು ‘ಓರಿಕಿ’ ಎಂಬ ಬಿರುದಾವಳಿ ಬೇರೆಯೇ ಇದೆ. ಅಪ್ಪನ ಹೆಸರು ಮಗನ ಹೆಸರಿನ ಬಾಲವಾಗಿದ್ದು ಮಿಷನರಿಗಳ, ವಸಾಹತು ಕಚೇರಿಗಳ ಪುಸ್ತಕದಲ್ಲಿ ಖಾಲಿ ಕಾಲಂ ತುಂಬಬೇಕಾಗಿ ಬಂದಾಗ. ಇಬಾದಾನ್‌ನ ಪ್ರಸಿದ್ಧ ರಾಜಕಾರಣಿ ಅಡೆಗೋಕೆ ಅಡೆಲಾಬು ಅವರನ್ನೇ ನೋಡಿ. 1958ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಈ ಮನುಷ್ಯನಿಗೆ ಅಡೆಗೋಕೆ ಎನ್ನುವುದು ಸ್ವಂತ ಹೆಸರು. ಮೊಮ್ಮಕ್ಕಳಿಗೆ ದಾಟಿದ್ದು ಅಡೆಲಾಬು. 2023ರಲ್ಲಿ ನೈಜೀರಿಯಾದ ವಿದ್ಯುತ್ ಸಚಿವರಾದ ಅಡೆಬಾಯೊ ಅಡೆಲಾಬು ಅವರ ಮೊಮ್ಮಗ. ಒಂದು ಮನೆಯಲ್ಲಿ ಅಡೆಗೋಕೆ ಒಂದು ತಲೆಮಾರಿಗೇ ನಿಂತಿತು, ಇನ್ನೊಂದು ಮನೆಯಲ್ಲಿ ಅದೇ ಅಡ್ಡಹೆಸರಾಗಿ ಲಂಡನ್ನಿಗೆ ಹೋಯಿತು. ಇವೆರಡೂ ಒಂದೇ ವಂಶವೆಂದು ಯಾರಾದರೂ ಲೆಕ್ಕ ಹಾಕಿದರೆ ಆ ಲೆಕ್ಕಕ್ಕೆ ತಳಬುಡವಿಲ್ಲ.

ಇನ್ನೂ ವಿಚಿತ್ರವಾದದ್ದು ಹುಟ್ಟಿನ ಕ್ರಮವನ್ನು ಹೇಳುವ ಹೆಸರುಗಳ ಪಾಡು. ಯೊರುಬಾ ಜನರಲ್ಲಿ ಅವಳಿಗಳಲ್ಲಿ ಮೊದಲು ಹೊರಬಂದದ್ದು ತಾಯ್ವೊ, ನಂತರದ್ದು ಕೆಹಿಂದೆ (ಎರಡನೆಯದೇ ಹಿರಿಯ ಎನ್ನುವುದು ಅವರ ನಂಬಿಕೆ, ತಾಯ್ವೊ ಲೋಕ ನೋಡಿ ಬಾ ಎಂದು ಮುಂದೆ ಕಳಿಸಿದ ಆಳು). ಅವಳಿಗಳ ಬೆನ್ನಿಗೆ ಹುಟ್ಟಿದ ಮಗು ಇಡೋವು. 2009ರಲ್ಲಿ ಬರ್ಲಿನ್‌ನಲ್ಲಿ ತ್ರಿವಿಧ ಜಿಗಿತದ ವಿಶ್ವ ಚಾಂಪಿಯನ್ ಆದ ಬ್ರಿಟನ್ನಿನ ಫಿಲಿಪ್ಸ್ ಇಡೋವು ಆ ಹೆಸರನ್ನು ಹೊತ್ತದ್ದು ಅಡ್ಡಹೆಸರಾಗಿ. ಹಿಂದೆಂದೋ ಒಬ್ಬ ಹಿರಿಯನ ಮನೆಯಲ್ಲಿ ಅವಳಿ ಹುಟ್ಟಿದ್ದಕ್ಕೆ ಲಂಡನ್ನಿನ ಹ್ಯಾಕ್ನಿಯ ಈ ಹುಡುಗನ ಜೆರ್ಸಿ ಸಾಕ್ಷಿ.

ನಮಗಿದು ಹೊಸತೇನಲ್ಲ. ಶೆಟ್ಟಿಮಾ ಹೊಗಳಿದ ಸುನಕ್ ಅವರ ಮನೆಯಲ್ಲೇ ಇದಕ್ಕೆ ಉದಾಹರಣೆಯಿದೆ. ಅವರ ಮಾವ ನಾಗವಾರ ರಾಮರಾವ್ ನಾರಾಯಣ ಮೂರ್ತಿಯವರ ಹೆಸರಿನಲ್ಲಿ ‘ಮೂರ್ತಿ’ ಮನೆತನದ ಹೆಸರಲ್ಲ, ಸ್ವಂತ ಹೆಸರಿನ ಉತ್ತರಾರ್ಧ. ಹುಬ್ಬಳ್ಳಿಯಲ್ಲಿ ಹುಟ್ಟಿದ ಮಗಳು ಅಕ್ಷತಾ ಡೌನಿಂಗ್ ಸ್ಟ್ರೀಟಿಗೆ ಹೋಗುವಷ್ಟರಲ್ಲಿ ಅದು ಅಡ್ಡಹೆಸರಾಗಿತ್ತು. ಇಂಗ್ಲಿಷ್ ಕಾಗುಣಿತದಲ್ಲಿ ಅಪ್ಪನಿಗಿಂತ ಮಗಳಿಗೆ ಒಂದು ಅಕ್ಷರ ಕಡಿಮೆ. ಅಡ್ಡಹೆಸರು ಎಣಿಸುವ ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನೆತನದವರು. ಯೊರುಬಾದಲ್ಲಿಯೂ ಹೀಗೇ. ಅಕ್ಷರದ ಕೆಳಗಿನ ಚುಕ್ಕಿ, ಮೇಲಿನ ಸ್ವರಚಿಹ್ನೆ ಬ್ರಿಟಿಷ್ ದಾಖಲೆಗಳಲ್ಲಿ ಬಿದ್ದುಹೋಗುತ್ತವೆ. ಆಗ ಗೌರವವೆಂಬ ‘ಓಲಾ’ಕ್ಕೂ ಸಂಪತ್ತೆಂಬ ‘ಓಲಾ’ಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಬ್ರಿಟನ್ನಿಗೆ ಬಂದ ಮೊದಮೊದಲ ಯೊರುಬಾ ಜನರ ಹೆಸರು ಹುಡುಕಿದರೆ ಯೊರುಬಾ ಅಡ್ಡಹೆಸರು ಸಿಗುವುದೇ ಅಪರೂಪ. 1850ರಲ್ಲಿ ಪಶ್ಚಿಮ ಆಫ್ರಿಕಾದ ದಹೋಮಿಯ ದೊರೆ ಗೇಜೊ ವಿಕ್ಟೋರಿಯಾ ರಾಣಿಗೆ ‘ಕಾಣಿಕೆ’ಯಾಗಿ ಕಳಿಸಿದ ಯೊರುಬಾ ಬಾಲಕಿಯ ಹೆಸರು ಐನಾ; ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿದ ಮಗುವಿಗೆ ಇಡುವ ಹೆಸರದು. ಕರೆತಂದ ನೌಕಾಧಿಕಾರಿ ಫೋರ್ಬ್ಸ್ ತನ್ನ ಹೆಸರನ್ನೂ ತನ್ನ ಹಡಗು ಬೊನೆಟ್ಟಾದ ಹೆಸರನ್ನೂ ಸೇರಿಸಿ ಆಕೆಯನ್ನು ಸಾರಾ ಫೋರ್ಬ್ಸ್ ಬೊನೆಟ್ಟಾ ಮಾಡಿದ. 1821ರಲ್ಲಿ ಗುಲಾಮ ವ್ಯಾಪಾರಿಗಳ ಕೈಗೆ ಸಿಕ್ಕಿ, ಮರುವರ್ಷ ಬ್ರಿಟಿಷ್ ನೌಕೆ ಬಿಡಿಸಿದ ಅಜಾಯಿ ಎಂಬ ಹುಡುಗ ಫ್ರೀಟೌನ್‌ನಲ್ಲಿ ದೀಕ್ಷೆ ಪಡೆದಾಗ ಲಂಡನ್ನಿನ ಪಾದ್ರಿಯೊಬ್ಬರ ಹೆಸರು ಹೊತ್ತು ಸ್ಯಾಮ್ಯುಯೆಲ್ ಕ್ರೌಥರ್ ಆದ. 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದದ್ದು ಆತನೇ. ಯೊರುಬಾ ಬೈಬಲ್ ಅನುವಾದದ ಮುಂದಾಳೂ ಆತನೇ. ಯೊರುಬಾ ಚರಿತ್ರೆಯ ಮೂಲಗ್ರಂಥವೆನ್ನಿಸಿದ, 1921ರಲ್ಲಿ ಅಚ್ಚಾದ ಪುಸ್ತಕ ಬರೆದವರ ಹೆಸರಂತೂ ಸ್ಯಾಮ್ಯುಯೆಲ್ ಜಾನ್ಸನ್. ಓಯೋ ಚಕ್ರವರ್ತಿ ಅಬಿಯೊಡುನ್‌ನ ವಂಶಸ್ಥನಾದ ಆತನಿಗೆ ‘ಅಡೆ’ ಎನ್ನಿಸಿಕೊಳ್ಳುವ ಹಕ್ಕು ಬೇಕಾದಷ್ಟಿತ್ತು. ಕಿರೀಟದ ಮನೆಯವನು ಜಾನ್ಸನ್ ಆಗಿ ಬದುಕಿದ.

ಇಂಥ ಇಂಗ್ಲಿಷ್ ಹೆಸರುಗಳನ್ನು ಕಳಚಿಹಾಕಿದವರೂ ಇದ್ದಾರೆ. ಡೇವಿಡ್ ಬ್ರೌನ್ ವಿನ್ಸೆಂಟ್ ಎಂಬ ಪಾದ್ರಿ 1894ರಲ್ಲಿ ಮೊಜೋಲಾ ಅಗ್ಬೆಬಿಯಾದರು. 1970ರ ದಶಕದಲ್ಲಿ ಗಾಯಕ ಫೆಲಾ ‘ರ್‍ಯಾನ್ಸಮ್’ ಕಿತ್ತೊಗೆದು ‘ಅನಿಕುಲಾಪೊ’ ಇಟ್ಟುಕೊಂಡ. ಇತ್ತ ಬ್ರೆಜಿಲ್‌ನಿಂದ ಮರಳಿದ ಯೊರುಬಾ ಮೂಲದವರು ಪೋರ್ಚುಗೀಸ್ ಹೆಸರುಗಳನ್ನು ಹಾಗೇ ಉಳಿಸಿಕೊಂಡರು. 2019ರಲ್ಲಿ ಬೂಕರ್ ಹಂಚಿಕೊಂಡ ಲಂಡನ್ನಿನ ಲೇಖಕಿ ಬರ್ನಾರ್ಡಿನ್ ಎವರಿಸ್ಟೊ ಅವರ ಅಡ್ಡಹೆಸರು ಬಂದದ್ದು ಈ ದಾರಿಯಲ್ಲಿ.

ಇನ್ನು ನಕ್ಷೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೈಜೀರಿಯಾದಲ್ಲಿ ಹುಟ್ಟಿದವರು ಸುಮಾರು 2.7 ಲಕ್ಷ, ಹತ್ತು ವರ್ಷ ಹಿಂದೆ ಸುಮಾರು 1.9 ಲಕ್ಷ. ಇವರಲ್ಲಿ ಯೊರುಬಾ ಎಷ್ಟು ಎಂದು ತಿಳಿಯಲು ಫಾರಂನಲ್ಲಿ ಪ್ರತ್ಯೇಕ ಚೌಕವಿಲ್ಲ. ಹಾಗಾಗಿಯೇ ಅಡ್ಡಹೆಸರಿನ ಮೇಲೆ ಕಣ್ಣು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರೂಪುಗೊಂಡ ‘ಓನೋಮ್ಯಾಪ್’ ತಂತ್ರಾಂಶದ ಕೆಲಸವೇ ಹೆಸರು ನೋಡಿ ಜನಾಂಗೀಯ ಮೂಲವನ್ನು ಊಹಿಸುವುದು. ಆರೋಗ್ಯ ಇಲಾಖೆಯ ದಾಖಲೆಯಲ್ಲಿ ರೋಗಿಯ ಮೂಲ ಬರೆದಿಲ್ಲದಾಗ ಇದರಿಂದ ಅನುಕೂಲವಿದೆ ಎನ್ನುವುದನ್ನು ಅಲ್ಲಗಳೆಯಲಾಗದು. ಆದರೆ ನಕ್ಷೆಯ ಮೇಲಿನ ಚುಕ್ಕಿ ಅಲ್ಲಿ ಏಕಿದೆ ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ಒಂದು ಚುಕ್ಕಿಯನ್ನು ಹತ್ತಿರದಿಂದ ನೋಡಿ. ಎಪ್ಪತ್ತರ ದಶಕದ ನಾರ್ಫೋಕ್, ಬಹುಪಾಲು ಬಿಳಿಯರೇ ಇದ್ದ ಕೃಷಿ ಸೀಮೆ. ಅಲ್ಲಿನ ಶ್ರೊಫಂ ಎಂಬ ಹಳ್ಳಿಯಲ್ಲಿ ಜಸ್ಟಿನ್ ಫಶಾನು ಮತ್ತು ತಮ್ಮ ಜಾನ್ ಬೆಳೆದರು. ಫಶಾನು ಎಂದರೆ ಇಫಾ ಕರುಣೆ ತೋರಿತು. ಕಣಿ ಹೇಳುವ ದೈವದ ಹೆಸರು ಆ ಹಳ್ಳಿಗೆ ಬಂದದ್ದು ವಲಸಿಗರ ಕೇರಿಯ ಮೂಲಕವಲ್ಲ. ತಂದೆ ನೈಜೀರಿಯಾದ ವಕೀಲ, ದಾಂಪತ್ಯ ಮುರಿದಾಗ ಮಕ್ಕಳು ಬರ್ನಾರ್ಡೋಸ್ ಅನಾಥಾಲಯ ಸೇರಿದರು, ಅಲ್ಲಿಂದ ಬಿಳಿಯ ಸಾಕುದಂಪತಿಯ ಮನೆಗೆ. 1981ರಲ್ಲಿ ಜಸ್ಟಿನ್ ಹತ್ತು ಲಕ್ಷ ಪೌಂಡ್ ಬೆಲೆ ಪಡೆದ ಮೊದಲ ಕಪ್ಪು ಫುಟ್‌ಬಾಲ್ ಆಟಗಾರನಾದ. ಆ ಕಾಲದ ಎಷ್ಟೋ ನೈಜೀರಿಯನ್ ವಿದ್ಯಾರ್ಥಿ ದಂಪತಿಗಳು ಓದು, ಕೆಲಸದ ನಡುವೆ ಮಕ್ಕಳನ್ನು ದುಡ್ಡು ಕೊಟ್ಟು ಬಿಳಿಯರ ಮನೆಗಳಲ್ಲಿ ಬಿಡುತ್ತಿದ್ದರು; ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಸಾಕುಮನೆ ಹುಡುಕುತ್ತಿದ್ದರು. ಎಸೆಕ್ಸ್‌ನ ಟಿಲ್ಬರಿಯಲ್ಲಿ ಹಾಗೆ ಬೆಳೆದ ನಟ ಅಡೆವಾಲೆ ಅಕಿನ್ನುಓಯೆ ಅಗ್ಬಾಜೆ 2018ರಲ್ಲಿ ‘ಫಾರ್ಮಿಂಗ್’ ಎಂಬ ಚಿತ್ರದಲ್ಲಿ ತನ್ನ ಆ ಬಾಲ್ಯವನ್ನೇ ಕಥೆಯಾಗಿಸಿದ. ಇಂಗ್ಲೆಂಡಿನ ಊರೂರಲ್ಲಿ ಕಾಣುವ ಬಿಡಿಬಿಡಿ ಯೊರುಬಾ ಹೆಸರುಗಳಿಗೆ ಈ ಹಿನ್ನೆಲೆ ಗೊತ್ತಿಲ್ಲದೆ ‘ಇಂತಿಷ್ಟು ಕುಟುಂಬ ನೆಲೆಸಿದೆ’ ಎಂದು ಓದಿಕೊಂಡರೆ ತಪ್ಪಾಗುತ್ತದೆ.

ಮುಂದಿನ ಅಲೆಗಳದ್ದು ಹೆಚ್ಚು ಪರಿಚಿತ ಕಥೆ. ಎಂಬತ್ತರ ದಶಕದಲ್ಲಿ ತೈಲ ಬೆಲೆ ಕುಸಿದು ನೈಜೀರಿಯಾದ ನಾಣ್ಯ ನೈರಾ ನೆಲಕಚ್ಚಿದ ಮೇಲೆ ಬಂದವರು ದಕ್ಷಿಣ ಲಂಡನ್ನಿನ ಪೆಕಂನಲ್ಲಿ ತುಂಬಿಕೊಂಡರು. ರೈ ಲೇನ್‌ನ ಅಂಗಡಿಗಳಲ್ಲಿ ಗೆಣಸು, ಒಣಮೀನು, ಬಣ್ಣದ ಬಟ್ಟೆ. ಮಹಡಿಗಳಲ್ಲಿ ಪೆಂಟೆಕೋಸ್ಟಲ್ ಪ್ರಾರ್ಥನೆ. ಬಾಡಿಗೆ ಏರಿದಂತೆ, ಸ್ವಂತ ಮನೆಯ ಆಸೆ ಕೈಗೆಟುಕಿದಂತೆ ಅವರು ಥೇಮ್ಸ್‌ಮೀಡ್, ಡ್ಯಾಗೆನಂ, ಕೆಂಟ್‌ನ ಡಾರ್ಟ್‌ಫರ್ಡ್, ಎಸೆಕ್ಸ್‌ನ ಥರಕ್ ಎಂದು ಥೇಮ್ಸ್ ನದಿಯ ಜೊತೆಜೊತೆಗೇ ಪೂರ್ವಕ್ಕೆ ಸರಿದರು. 2020ರಲ್ಲಿ ಆರೋಗ್ಯ ಸಿಬ್ಬಂದಿಯ ವೀಸಾ ಬಂತು. 2022ರಲ್ಲಿ ವೃದ್ಧರ ಆರೈಕೆ ಮಾಡುವವರಿಗೂ ಅದು ಸಿಕ್ಕಿತು. ಅಲ್ಲಿಗೆ ಯೊರುಬಾ ಹೆಸರು ಲಂಡನ್ನಿನ ಸೊತ್ತಾಗಿ ಉಳಿಯಲಿಲ್ಲ. ಎಲ್ಲಿ ವೃದ್ಧಾಶ್ರಮವೋ, ಎಲ್ಲಿ ಹೊರದೇಶದ ವಿದ್ಯಾರ್ಥಿಗಳ ಶುಲ್ಕ ನೆಚ್ಚಿದ ವಿಶ್ವವಿದ್ಯಾಲಯವೋ ಅಲ್ಲೆಲ್ಲ ಅಡೆ, ಓಲು, ಅಕಿನ್. 2024ರಿಂದ ಹೆಚ್ಚಿನ ವಿದ್ಯಾರ್ಥಿಗಳೂ ಆರೈಕೆ ಕೆಲಸಗಾರರೂ ಕುಟುಂಬ ಕರೆತರುವಂತಿಲ್ಲ. 2025ರ ಜುಲೈಯಲ್ಲಿ ಹೊರದೇಶದಿಂದ ಆರೈಕೆ ಕೆಲಸಗಾರರ ನೇಮಕಾತಿಯೇ ನಿಂತಿತು. ನಕ್ಷೆಯ ಇತ್ತೀಚಿನ ಚುಕ್ಕಿಗಳು ವೈಟ್‌ಹಾಲ್‌ನ ಸುತ್ತೋಲೆಗಳ ಪಡಿಯಚ್ಚು. ಅವನ್ನು ಯೊರುಬಾ ಜನರ ಆಯ್ಕೆಯೆಂದು ಓದುವುದು ಅರ್ಧಸತ್ಯ.

ಇದೇ ನಕ್ಷೆಗೆ ಸಿಗದವರೂ ಇದ್ದಾರೆ. ಬ್ರಿಟನ್ನಿನ ಅತ್ಯಂತ ಪ್ರಸಿದ್ಧ ಅಡೆಗೋಕೆಯೇ ಅದರಲ್ಲಿಲ್ಲ. 1980ರಲ್ಲಿ ವಿಂಬಲ್ಡನ್ನಿನಲ್ಲಿ ಹುಟ್ಟಿದ ಓಲುಕೆಮಿ ಅಡೆಗೋಕೆ ಮದುವೆಯಾಗಿ ಬೇಡ್ನಾಕ್ ಆದರು. ಅದು ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಂದು ಸೀಮೆಯ ಹೆಸರು. ಆಕೆಯ ಪೌರತ್ವವೂ ಕಾಗದದ ಆಟವೇ. ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವ ಪದ್ಧತಿ 1983ರ ಜನವರಿ 1ಕ್ಕೆ ಕೊನೆಗೊಂಡಿತು. ಮೂರು ವರ್ಷ ತಡವಾಗಿ ಹುಟ್ಟಿದ್ದರೆ ಪಕ್ಷದ ನಾಯಕತ್ವದವರೆಗಿನ ದಾರಿ ಬೇರೆಯೇ ಆಗುತ್ತಿತ್ತು. ಮಿಲ್ಟನ್ ಕೀನ್ಸ್‌ನಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಬಾಮಿಡೆಲೆ ಅಲಿ 2016ರಲ್ಲಿ ಅಡ್ಡಹೆಸರಿನೊಂದಿಗೆ ತನಗೆ ನಂಟಿಲ್ಲವೆಂದು ಜೆರ್ಸಿಯಿಂದ ‘ಅಲಿ’ ತೆಗೆಸಿ ಬರಿಯ ‘ಡೆಲೆ’ ಬರೆಸಿಕೊಂಡ. ಬಾಮಿಡೆಲೆ ಎಂದರೆ ನನ್ನೊಡನೆ ಮನೆಗೆ ಬಾ, ಪರಸ್ಥಳದಲ್ಲಿ ಹುಟ್ಟಿದ ಮಗುವಿಗೆ ಇಡುವ ಹೆಸರು. ಅಡ್ಡಹೆಸರು ನೋಡಿ ಎಣಿಸುವವರಿಗೆ ಈತ ಯೊರುಬಾ ಲೆಕ್ಕಕ್ಕೇ ಬರುವುದಿಲ್ಲ. ಡೆಕಾಥ್ಲಾನ್ ದಿಗ್ಗಜ ಡೇಲಿ ಥಾಂಪ್ಸನ್ ಅವರದ್ದೂ ಇದೇ ಬಗೆ: ಥಾಂಪ್ಸನ್ ಇಂಗ್ಲಿಷ್, ‘ಡೇಲಿ’ ಮಾತ್ರ ಅಯೊಡೆಲೆಯ ತುಂಡು.

ಸಂಶೋಧಕರ ಊಹೆ ತಪ್ಪಿದರೆ ನಕ್ಷೆ ಕೆಡುತ್ತದೆ, ಅಷ್ಟೆ. ಅದೇ ಊಹೆ ಮಾಡುವ ನೌಕರಿದಾತರ ಕೈಯಲ್ಲಿ ಸಂಬಳವಿದೆ. ಆಕ್ಸ್‌ಫರ್ಡಿನ ನಫೀಲ್ಡ್ ಕಾಲೇಜಿನ ಸಂಶೋಧಕರು ಕಾಲ್ಪನಿಕ ಅಭ್ಯರ್ಥಿಗಳ ಹೆಸರಿನಲ್ಲಿ ನಿಜವಾದ ಕೆಲಸಗಳಿಗೆ ಅರ್ಜಿ ಹಾಕಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯ ಬ್ರಿಟಿಷರಷ್ಟೇ ಉತ್ತರ ಪಡೆಯಲು ಅಲ್ಪಸಂಖ್ಯಾತ ಹಿನ್ನೆಲೆಯವರು ಒಟ್ಟಾರೆ ಶೇ 60ರಷ್ಟು ಹೆಚ್ಚು ಅರ್ಜಿ ಕಳಿಸಬೇಕಿತ್ತು. ನೈಜೀರಿಯನ್ ಹಿನ್ನೆಲೆಯವರು ಶೇ 80ರಷ್ಟು. 2015ರಲ್ಲಿ ಪ್ರಧಾನಿ ಕ್ಯಾಮರಾನ್ ಅರ್ಜಿಯಿಂದ ಹೆಸರು ಮರೆಮಾಡುವ ಪದ್ಧತಿ ತರುವುದಾಗಿ ಘೋಷಿಸಿದಾಗ ಸರ್ಕಾರಿ ಸೇವೆಯೂ ಕೆಲವು ದೊಡ್ಡ ಕಂಪನಿಗಳೂ ಹೂಂ ಎಂದಿದ್ದವು. ಒಳ್ಳೆಯ ಹೆಜ್ಜೆ, ಆದರೆ ಅದು ಪೂರ್ವಗ್ರಹವನ್ನು ಸಂದರ್ಶನದ ದಿನದವರೆಗೆ ಮುಂದೂಡುತ್ತದೆಯೇ ಹೊರತು ಅಳಿಸುವುದಿಲ್ಲ. ಯಾವ ಹಿನ್ನೆಲೆಯವರ ಅರ್ಜಿಗೆ ಎಷ್ಟು ಕರೆ ಹೋಯಿತು ಎಂದು ಕಂಪನಿಗಳು ವರ್ಷವರ್ಷ ಪ್ರಕಟಿಸುವಂತೆ ಕಟ್ಟುಪಾಡು ಹಾಕುವುದು ಇದಕ್ಕಿಂತ ಗಟ್ಟಿಯಾದ ಮದ್ದು. ನಫೀಲ್ಡ್ ಅರ್ಜಿಗಳಲ್ಲಿದ್ದ ‘ಅಭ್ಯರ್ಥಿ’ಗಳೆಲ್ಲ ಒಂದೋ ಬ್ರಿಟನ್ನಿನಲ್ಲೇ ಹುಟ್ಟಿದವರು, ಇಲ್ಲವೇ ಆರು ವರ್ಷ ತುಂಬುವುದರೊಳಗೆ ಬಂದು ಅಲ್ಲಿನ ಶಾಲೆಯಲ್ಲೇ ಓದಿದವರು.