ಅವಧಿಗೆ ಮುನ್ನ ಹೆರಿಗೆ: ಗೆಳೆಯರ ಆಸರೆ ಬೇಕು



37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಔಷಧದಷ್ಟೇ ತಾಯಿಯ ಮೈಬಿಸಿಯೂ ಬೇಕು. ಅಂಥ ಶಿಶುವನ್ನು ದಿನಕ್ಕೆ 8ರಿಂದ 24 ಗಂಟೆ ಎದೆಗಪ್ಪಿಕೊಂಡಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ತೆಲಸಂಗದಂಥ ಊರಿನ ಬಾಣಂತಿ ದೂರದ ಆಸ್ಪತ್ರೆಯಲ್ಲಿ ಹೀಗೆ ಉಳಿಯಬೇಕಾದರೆ, ಇತ್ತ ಹಿರಿಮಕ್ಕಳ ಊಟ, ದನಗಳ ಮೇವು ನೋಡುವವರು ಬೇಕು.

ಅದೆಲ್ಲ ಸರ್ಕಾರದ ಹೊಣೆ ಎನ್ನುವವರಿದ್ದಾರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ವಾಹನ ಉಚಿತವೇನೋ ನಿಜ. ಮನೆಯ ಒಲೆ ಹಚ್ಚಲು ಅದು ಬರುವುದಿಲ್ಲ. ಜನ ಸೇರಿದರೆ ಸೋಂಕು ತಗಲೀತೆಂಬ ಆಕ್ಷೇಪವೂ ಸರಿಯೇ. ಆದ್ದರಿಂದಲೇ ಕೂಸು ನೋಡಲು ಮುಗಿಬೀಳದೆ, ಮನೆಯ ಹೊರೆ ಹೊರುವುದು ನಿಜವಾದ ಗೆಳೆತನ. ಸ್ವಸಹಾಯ ಸಂಘಗಳು ಆಶಾ ಕಾರ್ಯಕರ್ತೆಯರೊಡನೆ ಕೂಡಿ, ಗರ್ಭಿಣಿಗೆ ಏಳು ತಿಂಗಳು ತುಂಬುವ ಮೊದಲೇ ಈ ಕೆಲಸದ ಪಾಳಿ ಗೊತ್ತುಮಾಡಲಿ.

— ಓದುಗ, ತೆಲಸಂಗ (ತಾ. ಅಥಣಿ)